ಸವಾಲಣ್ಣನಿಗೆ ಬೋರ್ಡಕ್ಕ ಹೊಂದಿಸಿಕೊಟ್ಟ ಫೋನು

ಬೋರ್ಡಕ್ಕನಿಗೆ ಆ ಹೆಸರು ಬಂದದ್ದು ಹಳೆಯ ನೌಕರಿಯಿಂದ. ದೊಡ್ಡದೊಂದು ಹೋಟೆಲಿನಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಟೆಲಿಫೋನ್ ಬೋರ್ಡಿನ ಮುಂದೆ ಅವಳು ಹತ್ತೊಂಬತ್ತು ವರ್ಷ ಕೂತಿದ್ದಳು. ಹೊರಗಿನಿಂದ ಬಂದ ಕರೆಯನ್ನು ಯಾವ ರೂಮಿಗೆ ಬೇಕೋ ಆ ರೂಮಿಗೆ ಜೋಡಿಸುವುದು ಅವಳ ಕೆಲಸ. ಒಂದು ದಿನ ಹೋಟೆಲಿನವರು ಬೋರ್ಡು ಕಿತ್ತು, ಆ ಜಾಗದಲ್ಲಿ ಸೂಟ್‌ಕೇಸ್ ಇಡುವ ಕಪಾಟು ಮಾಡಿಸಿದರು. ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಕೈಕುಲುಕಿ ಕಳುಹಿಸಿದರು. ಆಗ ಅವಳಿಗೆ ನಲವತ್ತಾರು.

ಎಂಟು ದಿನ ಮನೆಯಲ್ಲಿ ಕೂತಳು. ಒಂಬತ್ತನೆಯ ದಿನ ತಮ್ಮ ಬಂದ. ಅವನದು ಬಸ್ ನಿಲ್ದಾಣದ ಎದುರು, ಕನ್ನಡಕದ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡ ಮೊಬೈಲ್ ಅಂಗಡಿ.

"ಅಕ್ಕ, ನಾಳೆಯಿಂದ ಅಂಗಡಿಗೆ ಬಾ. ಸುಮ್ನೆ ಕೂತ್ರೆ ನೀನು ಅಡುಗೆಮನೆ ಡಬ್ಬಗಳಿಗೆಲ್ಲ ನಂಬರ್ ಹಾಕೋಕೆ ಶುರುಮಾಡ್ತೀಯ," ಅಂದ.

ಅವಳು ಆಗಲೇ ಹಾಕಿ ಮುಗಿಸಿದ್ದಳು.

ಸ್ಮಾರ್ಟ್‌ಫೋನಿನ ವಿಷಯದಲ್ಲಿ ಬೋರ್ಡಕ್ಕನಿಗೆ ಗೊತ್ತಿದ್ದದ್ದು ದೊಡ್ಡ ಸೊನ್ನೆ. ತಮ್ಮ ಓದಲು ಕೊಟ್ಟ ಪಟ್ಟಿ, ಕ್ಯಾಮೆರಾ ಇಷ್ಟು, ಬ್ಯಾಟರಿ ಅಷ್ಟು ಅನ್ನುವುದು, ಎಷ್ಟು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಫೋನುಗಳನ್ನು ವಾರಕ್ಕೊಂದರಂತೆ ಮನೆಗೆ ಒಯ್ದು, ತನ್ನ ಸಿಮ್ ಹಾಕಿ, ಅದರ ಜೊತೆ ಸಂಸಾರ ಮಾಡಿದಳು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ತೂಗಿದಳು. ಒದ್ದೆ ಕೈಯಲ್ಲಿ ಮುಟ್ಟಿದಳು. ಮಟಮಟ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನಿಂತು, ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ ಎಂದು ನೋಡಿದಳು. ಹಾಸಿಗೆಯಲ್ಲಿ ಅಂಗಾತ ಮಲಗಿ ಮುಖದ ಮೇಲೆ ಎತ್ತಿ ಹಿಡಿದಳು. ಒಂದು ದೊಡ್ಡ ಫೋನು ಜಾರಿ ಬಿದ್ದು ಮೂರು ದಿನ ಮೂಗು ಕೆಂಪಗಿತ್ತು. ಆ ಮಾಡೆಲನ್ನು ಮಲಗಿ ಓದುವವರಿಗೆ ಅವಳು ಇವತ್ತಿಗೂ ಕೊಡುವುದಿಲ್ಲ.

ಅವಳ ಗಂಡ ಸಿಟಿ ಬಸ್ ಡ್ರೈವರ್. ಅವನದು ಇನ್ನೊಂದು ತರಹ. ಹೊಸ ಫೋನ್ ಕೊಳ್ಳಬೇಕೆಂದು ಊಟದ ಮೇಜಿನ ಮುಂದೆ ಎಂಟು ತಿಂಗಳು ಹೋಲಿಸಿದ. ಇದರ ಪರದೆ ಚೆನ್ನ, ಅದರ ಬ್ಯಾಟರಿ ಚೆನ್ನ, ಮತ್ತೊಂದರ ಬಣ್ಣ ಚೆನ್ನ. ಅಳೆದೂ ತೂಗಿ ಒಂದನ್ನು ಆರಿಸುವ ಹೊತ್ತಿಗೆ ಕಂಪನಿಯವರು ಆ ಮಾಡೆಲ್ ಮಾಡುವುದನ್ನೇ ನಿಲ್ಲಿಸಿದ್ದರು.

"ನನ್ನನ್ನ ಒಪ್ಕೊಳ್ಳೋವಾಗ್ಲೂ ಹೀಗೇ ಹೋಲಿಸಿದ್ರಾ?" ಎಂದು ಕೇಳಿದಳು.

"ಹೋಲಿಸ್ತಾ ಕೂತಿದ್ರೆ ಇವತ್ತಿಗೂ ನಾನು ಬ್ರಹ್ಮಚಾರಿ," ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದ.

ವರ್ಷ ಕಳೆಯುವುದರೊಳಗೆ ಅಂಗಡಿಗೆ ಬರುವವರು ತಮ್ಮನನ್ನು ದಾಟಿಕೊಂಡು ಅವಳ ಮೂಲೆಗೇ ಹೋಗತೊಡಗಿದರು. ಹಳೆಯ ಫೋನಿನಲ್ಲಿದ್ದದ್ದನ್ನು ಹೊಸದಕ್ಕೆ ದಾಟಿಸುವುದು, ಅದನ್ನು ಅವರವರ ಕೈಗೆ ಒಗ್ಗುವ ಹಾಗೆ ಹೊಂದಿಸುವುದು ಅವಳ ಪಾಲಿನ ಕೆಲಸವಾಯಿತು. ಅವಳು ಫೋನಿನ ಬಗ್ಗೆ ಕೇಳುತ್ತಲೇ ಇರಲಿಲ್ಲ. "ಬೆಳಗ್ಗೆ ಎದ್ದು ಮೊದಲು ಯಾರಿಗೆ ಫೋನ್ ಮಾಡ್ತೀರಿ? ಯಾವ ಕೈಯಲ್ಲಿ ಹಿಡ್ಕೋತೀರಿ? ಕನ್ನಡಕ ಸದಾ ಹಾಕ್ತೀರೋ, ಹುಡುಕ್ತಾ ಇರ್ತೀರೋ?" ಎಂದು ಕೇಳುತ್ತಿದ್ದಳು. ಒಬ್ಬ ಗಾರೆ ಕೆಲಸದವನ ಬೆರಳ ಗುರುತು ಸಿಮೆಂಟಿನಲ್ಲಿ ಸವೆದು, ಯಾವ ಫೋನೂ ಅವನನ್ನು ಯಜಮಾನನೆಂದು ಒಪ್ಪುತ್ತಿರಲಿಲ್ಲ. ಅವಳು ಹತ್ತೂ ಬೆರಳು ಒತ್ತಿಸಿ ನೋಡಿದಳು. ಎಡಗೈ ಕಿರುಬೆರಳು ಒಂದು ಉಳಿದಿತ್ತು. ಅದನ್ನೇ ಕೀಲಿಕೈ ಮಾಡಿಕೊಟ್ಟಳು.

ಸವಾಲಣ್ಣ ಅಂಗಡಿಗೆ ಬಂದದ್ದು ಅವಳು ಅಲ್ಲಿಗೆ ಸೇರಿದ ಮೂರನೆಯ ವರ್ಷ.

ಅವನು ತರಕಾರಿ ಸಗಟು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವನು. ಬೆಳಗ್ಗೆ ಆರಕ್ಕೆ ಲಾರಿಗಳು ಮೂಟೆ ಇಳಿಸಿದರೆ, ಒಂದು ಮರದ ಪೆಟ್ಟಿಗೆಯ ಮೇಲೆ ನಿಂತು ಸವಾಲು ಕೂಗುತ್ತಿದ್ದ. "ಒಂದು ಸಲ… ಎರಡು ಸಲ… ಮೂರು ಸಲ!" ಎಂದು ಅಂಗೈ ಬಡಿದರೆ ಸರಕು ಮಾರಿಹೋದಂತೆ; ಆಮೇಲೆ ಯಾರೂ ತುಟಿ ಎರಡು ಮಾಡುವ ಹಾಗಿಲ್ಲ. ಹಾಗೆ ಸವಾಲು ಕೂಗಿ ಕೂಗಿಯೇ ಸವಾಲಣ್ಣನಾದ. ಒಂದು ಬೆಳಗ್ಗೆ ಪೆಟ್ಟಿಗೆ ಹತ್ತಲು ಕಾಲೆತ್ತಿದವನು ಅಲ್ಲೇ ಕುಸಿದ. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಕಾಲಿಗೂ ಶಕ್ತಿ ಬಂತು. ಬಲಗೈ ಸೋತಿತು. ಮಾತು ಪೂರ್ತಿ ನಿಂತುಹೋಯಿತು. ಎದುರಿನವರು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಅವನ ಬಾಯಿಂದ ಬರುತ್ತಿದ್ದದ್ದು "ಹಾಂ" ಒಂದೇ. ಬರೆದು ತೋರಿಸೋಣವೆಂದರೆ ಅಕ್ಷರಗಳೂ ಕೈಕೊಟ್ಟಿದ್ದವು.

ಇದಾಗಿ ಆರು ತಿಂಗಳ ಮೇಲೆ ಹೆಂಡತಿ ಅವನನ್ನು ಕರೆದುಕೊಂಡು ಬಂದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು. ಗುಂಡಗೆ, ಚುರುಕು, ಕತ್ತರಿಯಂಥ ಬಾಯಿ.

"ನೀವೇನಾ ಬೋರ್ಡಕ್ಕ? ನೋಡಿ, ಅಳಿಯಂದಿರು ತಂದುಕೊಟ್ಟ ಫೋನು. ತಟ್ಟೆ ಇದ್ದ ಹಾಗಿದೆ. ಇದರಲ್ಲಿ ಊಟ ಬೇಕಾದ್ರೆ ಬಡಿಸಬಹುದು, ಇವರಿಂದ ಹಿಡಿಯೋಕಂತೂ ಆಗಲ್ಲ."

"ಕೂತ್ಕೊಳ್ಳಿ ಅತ್ತಿಗೆ," ಎಂದಳು ಬೋರ್ಡಕ್ಕ. ಆಮೇಲೆ ಸವಾಲಣ್ಣನ ಕಡೆ ತಿರುಗಿ, "ಅಣ್ಣ, ಎಡಗೈ ಕೊಡಿ," ಎಂದಳು.

ಆರು ತಿಂಗಳಿಂದ ಎಲ್ಲರೂ ಅವನ ವಿಷಯವನ್ನು ಅವನ ಹೆಂಡತಿಯ ಹತ್ತಿರವೇ ಕೇಳುತ್ತಿದ್ದರು. ಸವಾಲಣ್ಣ ನೆಟ್ಟಗೆ ಕೂತು ಕೈ ಚಾಚಿದ.

ನಾಲ್ಕು ಫೋನುಗಳನ್ನು ಒಂದಾದ ಮೇಲೊಂದು ಅವನ ಎಡಗೈಗೆ ಕೊಟ್ಟು, ಬಾಗಿಲತನಕ ನಡೆದು ವಾಪಸ್ ಬರಲು ಹೇಳಿದಳು. ಮೊದಲನೆಯದು ಜಾರಿತು. ಎರಡನೆಯದರ ಮೂಲೆಗೆ ಹೆಬ್ಬೆರಳು ಮುಟ್ಟಲಿಲ್ಲ. ಮೂರನೆಯದು ಕೈಯಲ್ಲಿ ಕೂತರೂ, ಹಿಡಿದಾಗಲೆಲ್ಲ ಪಕ್ಕದ ಗುಂಡಿ ತಾನಾಗಿ ಒತ್ತಿಕೊಳ್ಳುತ್ತಿತ್ತು. ನಾಲ್ಕನೆಯದು ಚಿಕ್ಕದು, ಬೆನ್ನು ಒರಟು. ಅದನ್ನು ಹಿಡಿದು ಸವಾಲಣ್ಣ ಬಾಗಿಲು ದಾಟಿ ಬೇಕರಿಯವರೆಗೂ ಹೋಗಿ ಬಂದ.

"ಅಕ್ಕ, ಅದು ಹಳೇ ಮಾಡೆಲ್ಲು," ಎಂದು ತಮ್ಮ ಪಿಸುಗುಟ್ಟಿದ.

"ಅಣ್ಣನಿಗೂ ಅರವತ್ತೊಂದಾಯ್ತು. ಇಬ್ಬರೂ ಹೊಂದ್ಕೋತಾರೆ ಬಿಡು."

ಅದರಲ್ಲಿ ಅವಳು ಒಂದು ಆ್ಯಪ್ ಹಾಕಿದಳು. ಪರದೆಯ ಮೇಲೆ ದೊಡ್ಡ ದೊಡ್ಡ ಚೌಕ, ಒಂದೊಂದರಲ್ಲೂ ಒಂದು ಚಿತ್ರ. ಮುಟ್ಟಿದರೆ ಫೋನು ಅದರ ಮಾತು ಆಡುತ್ತದೆ. ಚಿತ್ರಕ್ಕಾಗಿ ಭಾನುವಾರ ಅವರ ಮನೆಗೇ ಹೋದಳು. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಕುರ್ಚಿಯ ಮೇಲೆ ನೀಲಿ ಚಡ್ಡಿಗಳ ರಾಶಿ, ಮೂಲೆಯಲ್ಲಿ ಸವಾಲಣ್ಣನ ಮಂಚ. ಅವನ ಲೋಟ, ಅವನ ಚಪ್ಪಲಿ, ಅವನ ತಲೆಯ ಮೇಲಿನ ಫ್ಯಾನು, ಬಚ್ಚಲಿನ ಬಾಗಿಲು ಎಲ್ಲದರ ಫೋಟೊ ತೆಗೆದಳು. ಬೇರೆ ಯಾರದೋ ಲೋಟ ತೋರಿಸಿದರೆ ಇವನಿಗೆ ಬಾಯಾರಿಕೆ ನೆನಪಾಗುವುದು ಹೇಗೆ ಎಂಬುದು ಅವಳ ವಾದ.

ಉಳಿದದ್ದು ದನಿ. ಆ್ಯಪಿನೊಳಗೆ ಒಂದು ಯಂತ್ರದ ದನಿಯೇನೋ ಇತ್ತು. "ನನಗೆ ನೀರು ಬೇಕಾಗಿದೆ" ಎಂದು ಅದು ರೈಲು ಬರುವ ಸುದ್ದಿ ಹೇಳಿದಂತೆ ಹೇಳಿತು. ಸವಾಲಣ್ಣ ಮುಖ ಸಿಂಡರಿಸಿದ.

"ಹಾಗಾದ್ರೆ ಅತ್ತಿಗೆ, ನೀವೇ ಹೇಳಿ."

ಅಂಗಡಿಯ ಹಿಂದಿನ ಸಾಮಾನು ಕೋಣೆಯಲ್ಲಿ, ರಟ್ಟಿನ ಡಬ್ಬಗಳ ನಡುವೆ ಕೂತು ಅತ್ತಿಗೆ ಒಂದೊಂದೇ ಮಾತು ಹೇಳಿದಳು. ಅವಳಿಗೆ ಬರುತ್ತಿದ್ದದ್ದು ಒಂದೇ ರಾಗ, ಬೈಯುವ ರಾಗ. "ನೀರು!" "ಫ್ಯಾನ್ ಹಾಕು!" "ಬೇಡ ಅಂದ್ನಲ್ಲ!" ಇಪ್ಪತ್ಮೂರು ಆಯಿತು. ಆಗ ಸವಾಲಣ್ಣ ಹೆಂಡತಿಯ ಕಡೆ ತೋರಿಸಿ, ಎಡಗೈಯ ಬೆರಳುಗಳನ್ನು ಕಾಗೆಯ ಕೊಕ್ಕಿನಂತೆ ಬಡಬಡ ತೆರೆದು ಮುಚ್ಚಿದ.

ಬೋರ್ಡಕ್ಕ ನಗು ತಡೆದುಕೊಂಡು ಕೇಳಿದಳು: "ಸಾಕು ಮಾತಾಡಿದ್ದು ಅನ್ನೋದೂ ಒಂದು ಬೇಕಾ ಅಣ್ಣ?"

"ಹಾಂ!"

"ಅಯ್ಯೋ ನನ್ನ ಕರ್ಮವೇ, ಇದನ್ನೂ ನಾನೇ ಹೇಳ್ಬೇಕಾ?" ಎಂದಳು ಅತ್ತಿಗೆ. ಹೇಳಿಯೂ ಹೇಳಿದಳು. "ಸಾಕು ಮಾಡೇ, ಎಷ್ಟು ಮಾತಾಡ್ತೀಯ!"

ಹದಿನೈದು ದಿನ ಬಿಟ್ಟು ಅವಳೊಬ್ಬಳೇ ಅಂಗಡಿಗೆ ಬಂದಳು. "ಬೋರ್ಡಕ್ಕ, ನಮ್ಮನೇಲಿ ಈಗ ಕೂಗೋಳೂ ನಾನೇ, ಬೈಸ್ಕೊಳ್ಳೋಳೂ ನಾನೇ. ಒಬ್ಬಳೇ ಜಗಳ ಆಡ್ತಾಳೆ, ಪಾಪ, ತಲೆ ಕೆಟ್ಟಿದೆ ಅಂತಾರೆ ಪಕ್ಕದ ಮನೆಯವ್ರು." ದೂರು ಹೇಳುವವಳ ಮುಖ ಅಷ್ಟು ಅರಳಿದ್ದನ್ನು ಬೋರ್ಡಕ್ಕ ಬೇರೆಲ್ಲೂ ನೋಡಿರಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಸವಾಲಣ್ಣ ಫೋನಿನಲ್ಲೇ ಬೇಕು ಬೇಡ ಹೇಳಿದ, ಫೋನಿನಲ್ಲೇ ಕೋಪ ಮಾಡಿದ. ಆಮೇಲೆ ಒಂದು ದಿನ ಆ ಫೋನಿನ ಬ್ಯಾಟರಿ ಉಬ್ಬಿತು. ಬೆನ್ನು ಬಿಟ್ಟುಕೊಂಡು ಪರದೆ ಮೇಲೆದ್ದಿತ್ತು. ಇನ್ನು ಅದನ್ನು ಇಟ್ಟುಕೊಳ್ಳುವುದು ಅಪಾಯ. ಅಷ್ಟೇ ಅಗಲದ, ಅಷ್ಟೇ ಒರಟಿನ ಹೊಸ ಫೋನು ಹುಡುಕಿ ಬೋರ್ಡಕ್ಕ ದಾಟಿಸಲು ಕೂತಳು. ನಂಬರುಗಳು ಬಂದವು, ಫೋಟೊಗಳು ಬಂದವು. ಮಾತಿನ ಆ್ಯಪ್ ಮಾತ್ರ ಏಳಲೇ ಇಲ್ಲ. ಅದನ್ನು ಮಾಡಿದವರು ಅದರ ಕೈಬಿಟ್ಟು ಎಷ್ಟೋ ತಿಂಗಳಾಗಿತ್ತು. ಇಪ್ಪತ್ನಾಲ್ಕು ಮಾತುಗಳೂ ಅದರ ಹೊಟ್ಟೆಯೊಳಗೇ ಉಳಿದವು. ಎರಡು ದಿನ ತಿಪ್ಪರಲಾಗ ಹಾಕಿದರೂ ಹೊರಗೆ ಬರಲಿಲ್ಲ.

ಆ ಎರಡು ದಿನ ಸವಾಲಣ್ಣ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನಂತೆ. ಮೂರನೆಯ ದಿನ ಅಂಗಡಿಗೆ ಬಂದಾಗಲೂ ಯಾರನ್ನೂ ನೋಡದೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ರಸ್ತೆ ನೋಡುತ್ತ ಕೂತ.

"ತಪ್ಪು ನನ್ನದು ಅತ್ತಿಗೆ. ಆ ದನಿಗಳನ್ನ ಬೇರೆ ಕಡೆಯೂ ಒಂದು ಇಟ್ಕೋಬೇಕಿತ್ತು, ಹೊಳೀಲಿಲ್ಲ," ಎಂದಳು ಬೋರ್ಡಕ್ಕ. "ಬೇರೆ ಆ್ಯಪ್ ಹಾಕಿದ್ದೀನಿ. ಎಲ್ಲಾ ಮತ್ತೆ ಹೇಳ್ಬೇಕು."

"ಹೇಳೋಕೇನು ಕಷ್ಟ? ಬಾಯಿ ಇದ್ಯಲ್ಲ. ಈ ಸಲ ಸ್ವಲ್ಪ ಮೆತ್ತಗೆ ಹೇಳ್ತೀನಿ."

ಇಬ್ಬರೂ ಸಾಮಾನು ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಹೊಸ ಫೋನಿನ ಮೈಕು ಹೇಗಿದೆ ನೋಡಲು ಬೋರ್ಡಕ್ಕ ಅದನ್ನು ಬಾಯಿಯ ಹತ್ತಿರ ಹಿಡಿದು, ಎಲ್ಲರೂ ಹೇಳುವಂತೆ ಹೇಳಿದಳು: "ಒಂದು… ಎರಡು…"

ಅಷ್ಟು ಹೇಳಿ ಪರದೆಯ ಮೇಲೆ ಗೆರೆ ಕುಣಿಯುತ್ತಿದೆಯೇ ಎಂದು ನೋಡಲು ನಿಲ್ಲಿಸಿದಳು.

"ಮೂರು ಸಲ!"

ಅಂಗಡಿಯ ಗಾಜು ಅದುರುವಂಥ ದನಿ. ಅದರ ಹಿಂದೆಯೇ ಅಂಗೈ ತೊಡೆಗೆ ಬಡಿದ ಸದ್ದು.

ಬೋರ್ಡಕ್ಕ ಹೊರಗೆ ಓಡಿ ಬಂದಳು. ಒಬ್ಬರ ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದ ತಮ್ಮನ ಕೈ ಅರ್ಧಕ್ಕೇ ನಿಂತಿತ್ತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಸವಾಲಣ್ಣನೇ. ಬೇರೆ ಯಾರೋ ಕೂಗಿದರೆಂಬಂತೆ ಹಿಂದೆ ಮುಂದೆ ತಿರುಗಿ ನೋಡುತ್ತಿದ್ದ.

"ಯಾರ್ರೀ ಕೂಗಿದ್ದು?" ಎಂದಳು ಅತ್ತಿಗೆ, ಮೂವತ್ತೈದು ವರ್ಷ ಕೇಳಿದ ದನಿ ಅದೆಂದು ಚೆನ್ನಾಗಿ ಗೊತ್ತಿದ್ದರೂ.

ಸವಾಲಣ್ಣ ಉತ್ತರ ಹೇಳಲು ಹೋದ. "ಮ… ಮ…" ಎಂದು ತುಟಿ ಒದ್ದಾಡಿತು. ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅವಸರ ಬೇಡ ಅಣ್ಣ," ಎಂದು ಬೋರ್ಡಕ್ಕ ಅವನ ಎದುರು ನೆಲದ ಮೇಲೇ ಕೂತಳು. "ಲೈನ್ ಕಟ್ಟಾದ್ರೆ ಮೊದಲಿನಿಂದ ಮತ್ತೆ ಹಾಕ್ಬೇಕು, ಅಷ್ಟೇ. ಒಂದು ಸಲ… ಎರಡು ಸಲ…"

"ಮೂರು ಸಲ!"

ಐದು ಬಾರಿ ಹಾಕಿದಳು. ಐದೂ ಬಾರಿ ಬಂತು. ಸ್ಕ್ರೀನ್ ಗಾರ್ಡಿಗೆ ಬಂದಿದ್ದವರು ತಮ್ಮ ಫೋನಿನಲ್ಲಿ ಗುಳ್ಳೆ ಉಳಿದದ್ದನ್ನೂ ಗಮನಿಸದೆ ಚಪ್ಪಾಳೆ ತಟ್ಟಿದರು.

ಮರುದಿನ ಆಸ್ಪತ್ರೆಗೆ ಬೋರ್ಡಕ್ಕನೂ ಜೊತೆಗೆ ಹೋದಳು. ಮಾತು ಕಲಿಸುವ ಮೇಡಂ ಮೊದಲು ಗದರಿದರು. ಲಕ್ವ ಹೊಡೆದ ಮೊದಲ ತಿಂಗಳು ನಾಲ್ಕು ದಿನ ಬಂದು, "ಅ" "ಆ" ಅನ್ನಿಸುತ್ತಾರೆಂದು ಕೋಪಿಸಿಕೊಂಡು ಸವಾಲಣ್ಣ ಆ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಮೇಡಂ ಸಮಾಧಾನವಾಗಿ ತಿಳಿಸಿದರು:

"ಮೂವತ್ತು ವರ್ಷ ಬಾಯಿಪಾಠ ಆಗಿರೋ ಮಾತು. ಅದನ್ನ ಹುಡುಕಿ ಹೇಳ್ಬೇಕಾಗಿಲ್ಲ, ತಾನಾಗೇ ಉರುಳಿ ಬರುತ್ತೆ. ಅದರ ಬೆನ್ನಿಗೆ ಬೇರೆ ಮಾತೂ ಬರುತ್ತಾ ನೋಡೋಣ. ಎಲ್ಲಾ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಕೆಲವು ಬರಬಹುದು."

ಬೋರ್ಡಕ್ಕನಿಗೆ ಅಷ್ಟು ಸಾಕಾಯಿತು. ಹೊಸ ಫೋನನ್ನು ಬೇರೆಯೇ ರೀತಿಯಲ್ಲಿ ಹೊಂದಿಸಿದಳು. ಲೋಟದ ಚಿತ್ರ ಮುಟ್ಟಿದರೆ ಮೊದಲು ಅವಳ ದನಿ, "ಒಂದು ಸಲ… ಎರಡು ಸಲ…" ಎನ್ನುತ್ತದೆ. ಆಮೇಲೆ ಸ್ವಲ್ಪ ಹೊತ್ತು ಫೋನು ಸುಮ್ಮನಿರುತ್ತದೆ. ಅಷ್ಟರಲ್ಲಿ ಅವನು ಹೇಳಿದರೆ ಆಯಿತು; ಇಲ್ಲದಿದ್ದರೆ ಅತ್ತಿಗೆಯ "ನೀರು!" ಬರುತ್ತದೆ. ಆ ಸುಮ್ಮನಿರುವ ಹೊತ್ತು ಎಷ್ಟಿರಬೇಕೆಂದು ಹೊಂದಿಸುವುದಕ್ಕೇ ಹತ್ತು ದಿನ ಹಿಡಿಯಿತು. ಕಡಿಮೆಯಾದರೆ ಅವನಿಗೆ ಗಾಬರಿ, ಹೆಚ್ಚಾದರೆ ಬೇಜಾರು.

ಪ್ರತಿ ಮಂಗಳವಾರ ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆ ಇರುವಾಗ, ಗಂಡ ಹೆಂಡತಿ ಬರುತ್ತಿದ್ದರು. ಮೊದಲ ಎರಡು ವಾರ ಎಲ್ಲದಕ್ಕೂ "ಮೂರು ಸಲ!" ಎಂದೇ ಬಂತು. ಮೂರನೆಯ ಮಂಗಳವಾರ ಫೋನು "ಒಂದು ಸಲ… ಎರಡು ಸಲ…" ಎಂದಾಗ, ಸವಾಲಣ್ಣ ಕಣ್ಣು ಬಿಗಿಯಾಗಿ ಮುಚ್ಚಿ, "ಮೂ… ನೀ… ನೀರು!" ಎಂದು ಕೂಗಿ ಅಂಗೈ ಬಡಿದ.

"ಎಷ್ಟಕ್ಕೆ ಹೋಯ್ತು ಅಣ್ಣ?" ಎಂದು ತಮ್ಮ ಕೌಂಟರಿನಿಂದ ಕೇಳಿದ.

ಸವಾಲಣ್ಣ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆ ಬೇಕರಿಗೆ ಓಡಿ ನೀರಿನ ಬಾಟಲಿ ತಂದು ಕೈಗಿತ್ತಳು. ಕೂಗಿದವನಿಗೆ ಸರಕು ಸಿಗಲೇಬೇಕಲ್ಲ.

ಆ ಸಂಜೆ ಲೋಟದ ಚಿತ್ರದಿಂದ ಅತ್ತಿಗೆಯ ದನಿ ತೆಗೆದು ಅವನದನ್ನೇ ಹಾಕಿದರು. ನಂತರ ಫ್ಯಾನು ಬಂತು, ಆಮೇಲೆ ಬೇಡ ಬಂತು. ಚಪ್ಪಲಿ ಬರಲಿಲ್ಲ, "ಚ" ಅವನ ನಾಲಿಗೆಗೆ ಸಿಗದೆ ಜಾರುತ್ತಿತ್ತು. ಏಳು ತಿಂಗಳಲ್ಲಿ ಇಪ್ಪತ್ನಾಲ್ಕರಲ್ಲಿ ಒಂಬತ್ತು ಮಾತು ಅವನವಾದವು. ಫೋನು ಮುಟ್ಟದೆಯೂ ಕೆಲವನ್ನು ಹೇಳುತ್ತಿದ್ದ, ಒಳ್ಳೆಯ ದಿನಗಳಲ್ಲಿ.

ಹತ್ತನೆಯದು ಯಾವುದಿರಲಿ ಎಂದು ಮೇಡಂ ಅವನನ್ನೇ ಕೇಳಿದ್ದರು. ಅವನು ಪರದೆ ಸರಿಸಿ ಸರಿಸಿ ಕೊನೆಯ ಚೌಕದ ಮೇಲೆ ಬೆರಳಿಟ್ಟ.

"ಬೇಡಪ್ಪ, ಅದು ನನ್ನ ದನೀಲೇ ಇರ್ಲಿ!" ಎಂದಳು ಅತ್ತಿಗೆ.

ಅವನು ಬಿಡಲಿಲ್ಲ. ಎರಡು ಮಂಗಳವಾರ ಒದ್ದಾಡಿದ. ಆಮೇಲೆ ಒಂದು ಬೆಳಗ್ಗೆ ಮನೆಯಲ್ಲಿ, ಅತ್ತಿಗೆ ನೂಲು ಪೋಣಿಸುತ್ತ, ಗುಂಡಿ ಅಂಗಡಿಯವನನ್ನು ಬೈಯುತ್ತಿರುವಾಗ, ಮಂಚದಿಂದ ಸ್ಪಷ್ಟವಾಗಿ ಕೇಳಿಸಿತು: "ಸಾಕು ಮಾಡೇ."

ಚಾರ್ಜಿಗೆ ಹಾಕಿದ್ದ ಫೋನು ಆಗ ಆಚೆಯ ಕೋಣೆಯಲ್ಲಿತ್ತು.

ಅತ್ತಿಗೆ ಅರ್ಧ ಹೊಲಿದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಅಂಗಡಿಗೆ ಬಂದಳು. "ನೋಡಿ ಬೋರ್ಡಕ್ಕ, ಮೂರು ವರ್ಷದ ಮೇಲೆ ಗಂಡ, ನೀರು ಫ್ಯಾನು ಬಿಟ್ಟು, ನನಗೇ ಅಂತ ಬಾಯಿಬಿಟ್ಟು ಆಡಿದ ಮೊದಲ ಮಾತು ಇದು!" ಎಂದು ನಕ್ಕಳು, ಅತ್ತಳು, ಬೇಕರಿಯವನಿಗೂ ಹೇಳಿದಳು, ಕನ್ನಡಕದ ಅಂಗಡಿಯವನಿಗೂ ಹೇಳಿದಳು. ರಸ್ತೆಯಲ್ಲಿ ಸಿಕ್ಕ ಯಾರನ್ನೂ ಬಿಡಲಿಲ್ಲ. ಅವಳ ಬಾಯಿ ಅಂದು ಸಂಜೆಯವರೆಗೂ ಮುಚ್ಚಲಿಲ್ಲ.

ಈಗ ಸವಾಲಣ್ಣ ವಾರಕ್ಕೆರಡು ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಕೂರುತ್ತಾನೆ. ಸವಾಲು ಕೂಗುವವನು ಬೇರೆಯವನು. ಆದರೆ ದಿನದ ಕೊನೆಯ ರಾಶಿಗೆ ಅವನು ಎರಡು ಸಲ ಕೂಗಿ, ಇವನ ಕಡೆ ನೋಡುತ್ತಾನೆ. ಮೂರನೆಯದು ಇವನದು.

ಬೋರ್ಡಕ್ಕನಿಗೂ ಇದರಿಂದ ಹೊಸ ಕೆಲಸವೊಂದು ಅಂಟಿಕೊಂಡಿತು. ಗುರುವಾರ ಬೆಳಗ್ಗೆ ಅವಳು ಆಸ್ಪತ್ರೆಯಲ್ಲಿ ಮೇಡಂ ಕೋಣೆಯ ಉದ್ದನೆಯ ಮೇಜಿನ ಮುಂದೆ ಕೂರುತ್ತಾಳೆ. "ಅಂಗಡಿ ಯಾರು ನೋಡ್ಕೋತಾರೆ?" ಎಂದು ಮೊದಲು ಗೊಣಗಿದ ತಮ್ಮನೇ ಈಗ ಬುಧವಾರ ಸಂಜೆ ಎಂಟು ಬಗೆಯ ಫೋನುಗಳನ್ನು ಒರೆಸಿ, ಚಾರ್ಜು ಮಾಡಿ, ಚೀಲಕ್ಕೆ ಹಾಕಿಕೊಡುತ್ತಾನೆ. ಜನ ಬರುತ್ತಾರೆ. ಕೈ ನಡುಗುವವರು, ಮಾತು ತಡೆಯುವವರು, ಒಂದೇ ಕಣ್ಣು ಕಾಣುವವರು. ಅವಳು ಎಲ್ಲರನ್ನೂ ಮೊದಲು ಬಾಗಿಲತನಕ ನಡೆಸುತ್ತಾಳೆ.

ಹೋದ ವಾರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದ ಹೆಂಗಸೊಬ್ಬಳು ಮಗನ ಜೊತೆ ಬಂದಿದ್ದಳು. ಮಾತಾಡಲು ಆಗುತ್ತಿರಲಿಲ್ಲ, ನಿಧಾನವಾಗಿ ಬರೆಯಬಲ್ಲಳು. ಬೋರ್ಡಕ್ಕ ಏನು ಕೇಳಿದರೂ ಮಗನೇ ಉತ್ತರ ಕೊಡುತ್ತಿದ್ದ. "ಅಮ್ಮನಿಗೆ ದೊಡ್ಡ ಅಕ್ಷರ ಇಷ್ಟ", "ಅಮ್ಮನಿಗೆ ಈ ಬಣ್ಣ ಆಗಲ್ಲ."

"ಮೊದಲ ಚೌಕದಲ್ಲಿ ಏನು ಹಾಕೋಣ?" ಎಂದು ಬೋರ್ಡಕ್ಕ ಅವಳ ಮುಂದೆ ಕಾಗದ ಸರಿಸಿದಳು.

ಆ ಹೆಂಗಸು ಬಹಳ ಹೊತ್ತು ಬರೆದು, ಕಾಗದವನ್ನು ಮಗನ ಕಡೆ ತಿರುಗಿಸಿದಳು. ಅವನು ಓದಿ ಕಿವಿಯವರೆಗೂ ಕೆಂಪಾದ.

"ನೀವೇ ಹೇಳಿ, ದನಿ ನಿಮ್ಮದೇ ಇರಲಿ," ಎಂದು ಬೋರ್ಡಕ್ಕ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು.

ಮಗ ಗಂಟಲು ಸರಿಮಾಡಿಕೊಂಡು ಹೇಳಿದ: "ನನ್ನ ಮಾತು ನಾನೇ ಹೇಳ್ತೀನಿ, ನೀನು ಸುಮ್ನಿರು."

ಅವನ ತಾಯಿ ಅದನ್ನು ಒಂದರ ಹಿಂದೆ ಒಂದು ನಾಲ್ಕು ಸಲ ಒತ್ತಿ ಕೇಳಿದಳು. ಆಮೇಲೆ ಮಗನ ಕೆನ್ನೆ ತಟ್ಟಿ, ಎರಡನೆಯ ಚೌಕಕ್ಕೆ ಬೆರಳಿಟ್ಟಳು.